ಹೋರಿ ಲೈವ್ ಬಿಡೋದು ಯಾವ ಉದ್ಯಮ? ಹಾವೇರಿಯ ಒಂದು ಫೈಲಿನ ಕಥೆ

2025ರ ಏಪ್ರಿಲ್ 11. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ನನ್ನದೊಂದು ಸಣ್ಣ ಆಫೀಸು. ಟ್ಯಾಕ್ಸ್ ಫೈಲಿಂಗ್, ರಿಜಿಸ್ಟ್ರೇಷನ್ ಅಂತ ಕೆಲಸ. ಹಾವೇರಿ ಕಡೆಯ ಅಣ್ಣ-ತಮ್ಮ ಇಬ್ಬರು ಬಂದರು. ಅಣ್ಣನ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ತಮ್ಮನ ಹೆಗಲಿಗೆ ಕ್ಯಾಮೆರಾ ಬ್ಯಾಗು. ಹೊಸ ಕ್ಯಾಮೆರಾ, ವಿಡಿಯೊ ಸ್ವಿಚರ್ ತಗೊಳ್ಳಲು 8 ಲಕ್ಷದ ಮುದ್ರಾ ಸಾಲಕ್ಕೆ ಅರ್ಜಿ ಹಾಕಿದ್ದರು. ಬ್ಯಾಂಕಿನವರು ಫೈಲನ್ನು ಪಕ್ಕಕ್ಕಿಟ್ಟು ಒಂದೇ ಮಾತು ಹೇಳಿದ್ದರಂತೆ: ಟಿವಿ ಚಾನೆಲ್ ನಡೆಸಲು ಕೇಂದ್ರ ಸರ್ಕಾರದ ಅನುಮತಿ ಪತ್ರ ತನ್ನಿ.

“ಸರ್, ನಮ್ದು ಟಿವಿ ಅಲ್ರಿ. ಯೂಟ್ಯೂಬ್‌ನ್ಯಾಗ ಹೋರಿ ಲೈವ್ ಬಿಡ್ತೇವ್ರಿ, ಅಷ್ಟ,” ಅಂದ ತಮ್ಮ. ಹೋರಿ ಅಂದರೆ ಹೋರಿ ಹಬ್ಬ, ಸಿಂಗರಿಸಿದ ಹೋರಿಗಳನ್ನು ಜನರ ನಡುವೆ ಓಡಿಸುವ ಹಬ್ಬ.

ಬ್ಯಾಂಕಿನವರನ್ನು ಬೈಯುವ ಮೊದಲು ಫೈಲು ತೆಗೆದು ನೋಡಿದೆ. ತಪ್ಪು ಬ್ಯಾಂಕಿನದ್ದಾಗಿರಲಿಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯ ಇವರ ಸರ್ಟಿಫಿಕೇಟಿನಲ್ಲೇ ಉದ್ಯಮದ ಕೋಡು ದೊಡ್ಡದಾಗಿ 60200 ಅಂತ ಇತ್ತು. ಅಂದರೆ ಟೆಲಿವಿಷನ್ ಕಾರ್ಯಕ್ರಮ ಮತ್ತು ಪ್ರಸಾರ. ಅದನ್ನು ಓದಿದ ಯಾವ ಸಾಲದ ಅಧಿಕಾರಿಯಾದರೂ ಅನುಮತಿ ಕೇಳಲೇಬೇಕು. ಭಾರತದಲ್ಲಿ ಉಪಗ್ರಹ ಚಾನೆಲ್ ನಡೆಸಬೇಕು ಅಂದರೆ 2022ರ ಮಾರ್ಗಸೂಚಿ ಪ್ರಕಾರ ಸುದ್ದಿಯಲ್ಲದ ಮೊದಲ ಚಾನೆಲ್‌ಗೇ 5 ಕೋಟಿ ನಿವ್ವಳ ಮೌಲ್ಯ ಇರಬೇಕು. ಸುದ್ದಿ ಚಾನೆಲ್ ಆದರೆ 20 ಕೋಟಿ. ಇವರ ಹತ್ತಿರ ಇದ್ದದ್ದು ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪು ಮತ್ತು ಕಂತು ಮುಗಿಯದ ಒಂದು ಓಮ್ನಿ.

ಆ ಕೋಡು ಎಲ್ಲಿಂದ ಬಂತು? ಊರಿನ ಒಂದು ಆನ್‌ಲೈನ್ ಸೆಂಟರ್‌ನಿಂದ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತಗೊಳ್ಳುವುದಿಲ್ಲ. ಇವರು 300 ಕೊಟ್ಟಿದ್ದರು. ಟೈಪ್ ಮಾಡುವ ಹುಡುಗ ಕೇಳಿದ್ದು ಒಂದೇ ಪ್ರಶ್ನೆ, ಏನ್ ಬಿಸಿನೆಸ್? ಅಣ್ಣ ಹೇಳಿದ್ದು ಒಂದೇ ಪದ, ಚಾನೆಲ್. ಹುಡುಗ ಪಟ್ಟಿಯಲ್ಲಿ ಹುಡುಕಿದ, ಟೆಲಿವಿಷನ್ ಅಂತ ಕಂಡಿತು, ಒತ್ತಿದ. ಚಾನೆಲ್ ಅನ್ನೋ ಪದಕ್ಕೆ ಈಗ ಎರಡು ಅರ್ಥ ಅಂತ ಆ ಪಟ್ಟಿಗೆ ಗೊತ್ತಿಲ್ಲ, ಅಷ್ಟೇ.

ಇವರ ಹೆಸರು, ಚಾನೆಲ್ ಹೆಸರು ಇಲ್ಲಿ ಬರೆಯುವುದಿಲ್ಲ. ಲೆಕ್ಕದ ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ಸರಿಮಾಡಿ ಕೊಟ್ಟಿದ್ದೇನೆ.

ಮನೆಯೊಂದು, ಸಾಲು ಮೂರು

ಈ ಮನೆಯಲ್ಲಿ ಮೊದಲು ಬಂದದ್ದು ಕೇಬಲ್. ಅಪ್ಪ ಕಂಬದಿಂದ ಕಂಬಕ್ಕೆ ವೈರ್ ಎಳೆದು ಮನೆಮನೆಗೆ ಕನೆಕ್ಷನ್ ಕೊಟ್ಟವರು. 1995ರ ಕೇಬಲ್ ಕಾಯ್ದೆ ಪ್ರಕಾರ ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ನೋಂದಣಿ ಮಾಡಿಸಿಕೊಂಡು ಬರುತ್ತಿದ್ದರು. 2025ರ ಜನವರಿ 17ರಿಂದ ಆ ಪದ್ಧತಿ ನಿಂತಿತು. ಈಗ ಎಲ್ಲ ಆನ್‌ಲೈನ್, ಐದು ವರ್ಷಕ್ಕೆ 5,000 ರೂಪಾಯಿ. ಅಪ್ಪನಿಗೆ ಇದು ಅಷ್ಟು ಹಿಡಿಸಿಲ್ಲ. ಪೋಸ್ಟ್ ಮಾಸ್ತರರ ಜೊತೆ ಚಹಾ ಕುಡಿದು ಬರುವ ಸಂಪ್ರದಾಯ ಹೋಯಿತಲ್ಲ ಅಂತ.

ಜನ ಇವರನ್ನು ‘ಟಿವಿಯವರು’ ಅಂತಲೇ ಕರೆಯುತ್ತಾರೆ. ಆದರೆ ವರ್ಗೀಕರಣದ ಪುಸ್ತಕದಲ್ಲಿ ಅಪ್ಪ ಟಿವಿಯವರಲ್ಲ. ಆಗ ನಮ್ಮ ದೇಶದಲ್ಲಿ ಉದ್ಯಮಗಳಿಗೆ ನಂಬರ್ ಕೊಡುತ್ತಿದ್ದದ್ದು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ, ಎನ್‌ಐಸಿ 2008. ಅದನ್ನು ವಿಶ್ವಸಂಸ್ಥೆಯ ಪಟ್ಟಿಯ ನಾಲ್ಕನೇ ಪರಿಷ್ಕರಣೆ ನೋಡಿಕೊಂಡು ಮಾಡಿದ್ದು. ಅದರಲ್ಲಿ ಕಾರ್ಯಕ್ರಮ ತಯಾರಿಸುವವರು 59. ಕಾರ್ಯಕ್ರಮಗಳನ್ನು ಆರಿಸಿ, ಹೊತ್ತು ಗೊತ್ತುಮಾಡಿ ಪ್ರಸಾರ ಮಾಡುವವರು 60. ಬೇರೆಯವರ ಸಿಗ್ನಲ್ಲನ್ನು ವೈರಿನಲ್ಲಿ ಸಾಗಿಸುವವರು 61, ಅಂದರೆ ದೂರಸಂಪರ್ಕ. ಹಾಗಾಗಿ ಕೇಬಲ್ ಅಪ್ಪ ಟೆಲಿಫೋನ್ ಕಂಪನಿಗಳ ಸಾಲಿನಲ್ಲಿ ಕೂರುತ್ತಾರೆ. ಅದನ್ನು ಹೇಳಿದಾಗ ಅಣ್ಣ ಜೋರಾಗಿ ನಕ್ಕ.

ಧಾರವಾಡ ಆಕಾಶವಾಣಿ ನೋಡಿ. 1950ರ ಜನವರಿ 8ರಂದು ಶುರುವಾದ ನಿಲಯ. ಆಗ ಕಟ್ಟಿಗೆ ಪೆಟ್ಟಿಗೆಯ ರೇಡಿಯೊದಲ್ಲಿ ಕೇಳುತ್ತಿದ್ದರು, ಈಗ ಮೊಬೈಲ್ ಆ್ಯಪ್‌ನಲ್ಲಿ ಕೇಳುತ್ತಾರೆ. ಆದರೂ ವರ್ಗ ಬದಲಾಗಿಲ್ಲ, ಅದು 6010, ರೇಡಿಯೊ ಪ್ರಸಾರ. ಇಂಟರ್ನೆಟ್ ರೇಡಿಯೊ ಕೂಡ ಅಲ್ಲೇ ಅಂತ ವಿಶ್ವಸಂಸ್ಥೆಯ ಪಟ್ಟಿಯ ವಿವರಣೆಯೇ ಹೇಳುತ್ತದೆ. ರೇಡಿಯೊ ಮಟ್ಟಿಗೆ ಅವತ್ತೇ ಅಷ್ಟು ಬುದ್ಧಿ ಇತ್ತು. ವಿಡಿಯೊ ವಿಷಯಕ್ಕೆ ಬಂದಾಗ ಮಾತ್ರ 2008ರ ಪಟ್ಟಿ ತಡವರಿಸುತ್ತದೆ. ಪಾಪ, ಆಗ ಯೂಟ್ಯೂಬ್‌ಗೆ ಮೂರು ವರ್ಷ. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರಲ್ಲಿ. ಓಟಿಟಿ ಅನ್ನೋ ಮೂರಕ್ಷರ ಆ ಪುಸ್ತಕದಲ್ಲಿ ಹುಡುಕಿದರೂ ಸಿಗಲ್ಲ.

“ಹಂಗಾದ್ರ ಸೋಷಿಯಲ್ ಮೀಡಿಯಾ ಅಂತ ಹಾಕ್ರಿ ಸರ್,” ಅಂದ ತಮ್ಮ.

ಈ ಮಾತನ್ನು ನಾನು ವಾರಕ್ಕೊಮ್ಮೆ ಕೇಳುತ್ತೇನೆ. ಹಳೆ ಪಟ್ಟಿಯಲ್ಲಿ ಸೋಷಿಯಲ್ ಮೀಡಿಯಾಕ್ಕೆ ಹತ್ತಿರದ ಜಾಗ ಅಂದರೆ 6312, ವೆಬ್ ಪೋರ್ಟಲ್. ಆದರೆ ಅದು ಯೂಟ್ಯೂಬ್ ನಡೆಸುವವರ ಜಾಗ, ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕುವವರದ್ದಲ್ಲ. ಸಂತೆಯಲ್ಲಿ ಕೂತು ಮೆಣಸಿನಕಾಯಿ ಮಾರುವವನು ಸಂತೆಯ ಗುತ್ತಿಗೆದಾರ ಆಗಲ್ಲ, ಅಲ್ವಾ? 2021ರ ಐಟಿ ನಿಯಮಗಳೂ ಇದೇ ಗೆರೆ ಎಳೆದಿವೆ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿದ್ದರೆ ಅದು ಮಹತ್ವದ ಸಾಮಾಜಿಕ ಮಾಧ್ಯಮ ಮಧ್ಯವರ್ತಿ. ಅಲ್ಲಿ ಸುದ್ದಿ ಅಥವಾ ಆಯ್ದ ಕಾರ್ಯಕ್ರಮ ಕೊಡುವವರು ಪ್ರಕಾಶಕರು. ಮಧ್ಯವರ್ತಿಗೆ ಒಂದು ಹೊಣೆ, ಪ್ರಕಾಶಕರಿಗೆ ಇನ್ನೊಂದು. ತಮ್ಮ ವಾರಕ್ಕೆರಡು ದಿನ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರೇಟು ಓದುತ್ತಾನೆ. ಅದು ಸುದ್ದಿಯೇ ಅಂತ ಯಾರಾದರೂ ಕೇಳಿದರೆ ಹೌದು ಅನ್ನಬೇಕಾಗುತ್ತದೆ, ಆ ನಿಯಮಗಳನ್ನೊಮ್ಮೆ ಓದಿಕೊಂಡಿರು ಅಂದೆ.

ರೊಕ್ಕ ಯಾರು ಕೊಡ್ತಾರೆ?

ನನ್ನ ಅಭ್ಯಾಸ ಒಂದಿದೆ. ಇಂಥ ಕೇಸು ಬಂದರೆ ವಿಡಿಯೊ ನೋಡಲ್ಲ, ಬ್ಯಾಂಕ್ ಪಾಸ್‌ಬುಕ್ ನೋಡುತ್ತೇನೆ. ರೊಕ್ಕ ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು? ವ್ಯವಹಾರ ಅಣ್ಣನ ಪ್ಯಾನ್ ಮೇಲಿತ್ತು. 2024-25ರ ಇಡೀ ವರ್ಷದ ಜಮೆಗಳನ್ನು ಹಳದಿ ಹಾಳೆಯ ಮೇಲೆ ಬೇರೆ ಬೇರೆ ಮಾಡಿ ಬರೆದೆವು. ಎರಡು ತಾಸು ಹಿಡಿಯಿತು. ಫೋನ್‌ಪೇನಲ್ಲಿ ಬಂದ ಎಷ್ಟೋ ಜಮೆಗಳ ಮುಂದೆ ಬರೀ ‘ಮಾಮಾ’, ‘ಕಾಕಾ’ ಅಂತ ಇತ್ತು.

ಮದುವೆ, ಗೃಹಪ್ರವೇಶ, ಜವಳದ ಶೂಟಿಂಗ್ ಮತ್ತು ಲೈವ್‌ನಿಂದ 9 ಲಕ್ಷ 80 ಸಾವಿರ. ಹೋರಿ ಹಬ್ಬದ ಕಮಿಟಿಗಳು, ಜಾತ್ರೆ, ನಾಟಕ, ಕಬಡ್ಡಿ ಲೈವ್‌ನಿಂದ 4 ಲಕ್ಷ 10 ಸಾವಿರ. ಬಟ್ಟೆ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಂ ಕೊಟ್ಟ ಜಾಹೀರಾತು 3 ಲಕ್ಷ 60 ಸಾವಿರ. ಯೂಟ್ಯೂಬ್‌ನಿಂದ ಬಂದದ್ದು 2 ಲಕ್ಷ 70 ಸಾವಿರ. ಒಟ್ಟು 20 ಲಕ್ಷ 20 ಸಾವಿರ.

ಮದುವೆಯ ಅಂಕಿ ನೋಡಿ ಅಣ್ಣನ ಮುಖ ಸಣ್ಣದಾಯಿತು. ಮದುವೆಯಂಥ ಕಾರ್ಯಕ್ರಮದ ವಿಡಿಯೊ ತೆಗೆಯುವುದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ 7420, ಫೋಟೊಗ್ರಫಿ ಚಟುವಟಿಕೆ. ಮಾಧ್ಯಮದ ಸಾಲೇ ಅಲ್ಲ. ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರ್‌ಗಳು ಇರುವ ಎಂ ವಿಭಾಗ.

“ಅಂದ್ರ ಇಷ್ಟೆಲ್ಲಾ ಮಾಡಿ ನಾವು ಫೋಟೊ ಸ್ಟುಡಿಯೊನೇನ್ರಿ?”

ಒಂದೂವರೆ ಲಕ್ಷ ಸಬ್‌ಸ್ಕ್ರೈಬರ್ ಇರುವವನಿಗೆ ಈ ಮಾತು ನುಂಗುವುದು ಕಷ್ಟ. ಆದರೆ ಪುಸ್ತಕದಲ್ಲಿ ಇನ್ನೊಂದು ನಿಯಮ ಇದೆ. ಒಂದೇ ಸಂಸ್ಥೆ ಹಲವು ಕೆಲಸ ಮಾಡಿದರೆ ಅತಿ ದೊಡ್ಡ ಒಂದು ಸಾಲನ್ನು ಸೀದಾ ಹಿಡಿಯುವಂತಿಲ್ಲ. ಮೇಲಿನಿಂದ ಕೆಳಗೆ ಇಳಿಯಬೇಕು. ಮೊದಲು ಯಾವ ವಿಭಾಗದ ಪಾಲು ಜಾಸ್ತಿ ಅಂತ ನೋಡು, ಆಮೇಲೆ ಆ ವಿಭಾಗದೊಳಗೆ ಯಾವ ಉಪವಿಭಾಗ, ಅದರೊಳಗೆ ಯಾವ ವರ್ಗ. ಹಾಗೆ ಇಳಿದರೆ ಲೆಕ್ಕ ತಿರುಗುತ್ತದೆ. ಹೋರಿ-ಜಾತ್ರೆ ಲೈವ್, ಜಾಹೀರಾತು, ಯೂಟ್ಯೂಬ್ ಈ ಮೂರೂ ಮಾಹಿತಿ ಮತ್ತು ಸಂವಹನದ ಜೆ ವಿಭಾಗಕ್ಕೆ ಬಂದರೆ 10 ಲಕ್ಷ 40 ಸಾವಿರ. ಮದುವೆಗಿಂತ 60 ಸಾವಿರ ಮುಂದೆ.

ಬಂದರೆ. ತಕರಾರು ಇರುವುದು ಅಲ್ಲೇ. ಕಮಿಟಿಯವರು ರೊಕ್ಕ ಕೊಟ್ಟು ಹೋರಿ ಲೈವ್ ಮಾಡಿಸುತ್ತಾರೆ, ಮದುವೆ ಮನೆಯವರೂ ರೊಕ್ಕ ಕೊಟ್ಟು ಲೈವ್ ಮಾಡಿಸುತ್ತಾರೆ. ಒಂದು ಮಾಧ್ಯಮ, ಇನ್ನೊಂದು ಸ್ಟುಡಿಯೊ ಹೇಗಾದೀತು? ನಾನು ಕೇಳಿದ್ದು ಇಷ್ಟು: ಕೊನೆಗೆ ವಿಡಿಯೊ ಯಾರ ಹತ್ತಿರ ಉಳಿಯುತ್ತದೆ? ಮದುವೆಯದ್ದು ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ಆಮೇಲೆ ಪೆನ್‌ಡ್ರೈವ್‌ನಲ್ಲಿ ಹಾಕಿ ಮನೆಯವರಿಗೆ ಕೊಟ್ಟುಬಿಡುತ್ತಾರೆ. ಇವರಿಗೆ ಉಳಿಯುವುದು ಬಿಲ್ಲು ಮಾತ್ರ. ಹೋರಿಯದ್ದು ಇವರ ಚಾನೆಲ್‌ನಲ್ಲೇ ಉಳಿಯುತ್ತದೆ, ಹಕ್ಕು ಇವರದ್ದು. ವರ್ಷಗಟ್ಟಲೆ ಜನ ನೋಡುತ್ತಾರೆ, ಅದರ ಮೇಲೆ ಜಾಹೀರಾತು ಓಡುತ್ತದೆ. ಅದು ಕಾರ್ಯಕ್ರಮ ತಯಾರಿಕೆ, 5911. ಜಾಹೀರಾತಿನ ರೊಕ್ಕವನ್ನೂ ಅದರ ಜೊತೆಗೇ ಇಟ್ಟೆ. ಪತ್ರಿಕೆ ಜಾಹೀರಾತಿನಿಂದ ಬದುಕಿದರೂ ಅದನ್ನು ಯಾರೂ ಜಾಹೀರಾತು ಏಜೆನ್ಸಿ ಅನ್ನಲ್ಲವಲ್ಲ. ಬೇರೆ ಸಲಹೆಗಾರರು ಇದನ್ನು ಒಪ್ಪದೆಯೂ ಇರಬಹುದು. ನನ್ನ ತೀರ್ಮಾನ ಇದು.

ಇನ್ನೊಂದು ಬಲ ಇತ್ತು. ನಿಜವಾಗಿ ಅಳೆಯಬೇಕಾದದ್ದು ವಹಿವಾಟಲ್ಲ, ಸೇರಿಸಿದ ಮೌಲ್ಯ, ಅಂದರೆ ಹೊರಗಿನಿಂದ ಕೊಂಡ ಸಾಮಾನು, ಸೇವೆಯ ಖರ್ಚು ಕಳೆದು ಉಳಿಯುವುದು. ಅದು ಸಿಗದಿದ್ದಾಗ ವಹಿವಾಟಿನಿಂದ ಅಂದಾಜು ಮಾಡುತ್ತಾರೆ. ಮದುವೆ ಕೆಲಸದಲ್ಲಿ ಡ್ರೋನ್ ಬಾಡಿಗೆ, ಆಲ್ಬಂ ಪ್ರಿಂಟಿಂಗ್, ಎಡಿಟಿಂಗ್ ಅಂತ ಹೊರಗೆ ಹೋಗುವ ರೊಕ್ಕವೇ ಜಾಸ್ತಿ. ಹೋರಿಯಲ್ಲಿ ಖರ್ಚು ಅಂದರೆ ಡೀಸೆಲ್ಲು, ಡೇಟಾ, ಹುಡುಗರ ಊಟ.

ಈ ಹೋರಿ ಲೈವ್ ಹೇಗೆ ನಡೆಯುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದು ಅದೇ ವರ್ಷ ದೀಪಾವಳಿ ಮುಗಿದ ಮೇಲೆ. ಅಖಾಡದ ಪಕ್ಕ ಒಂದು ಟ್ರ್ಯಾಕ್ಟರ್ ಟ್ರೇಲರ್. ಅದರ ಮೇಲೆ ಟೇಬಲ್, ಲ್ಯಾಪ್‌ಟಾಪ್, ಬೇರೆ ಬೇರೆ ಕಂಪನಿಯ ಎರಡು ಡಾಂಗಲ್. ಒಂದರ ನೆಟ್ ಕೈಕೊಟ್ಟರೆ ಇನ್ನೊಂದು. ಬಿಸಿಲಿಗೆ ಸ್ಕ್ರೀನ್ ಕಾಣಲ್ಲ ಅಂತ ಬಿಸ್ಕತ್ತಿನ ರಟ್ಟಿನ ಡಬ್ಬ ಕತ್ತರಿಸಿ ಲ್ಯಾಪ್‌ಟಾಪಿಗೆ ಮಾಡು ಕಟ್ಟಿದ್ದರು. ತಮ್ಮ ಅದರೊಳಗೆ ತಲೆ ತೂರಿಸಿ ಕೂತಿದ್ದ, ಕೊಡದೊಳಗೆ ಇಣುಕುವ ಮಗುವಿನ ಹಾಗೆ. ಕೊರಳಲ್ಲಿ ಕೊಬ್ಬರಿ ಮಾಲೆ, ಕೊಂಬಿಗೆ ಬಲೂನು, ರಿಬ್ಬನ್ನು ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗಿ ಹೋಗಲು ಬೇಕಾದದ್ದು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಯಾವ ಕ್ಯಾಮೆರಾ ಅಂತ ಬೆರಳು ತೀರ್ಮಾನಿಸಬೇಕು. ಹೋರಿಗೂ ಹೆಸರಿದೆ, ಅಭಿಮಾನಿಗಳಿದ್ದಾರೆ. ಬೆಂಗಳೂರಿನಲ್ಲಿ, ದುಬೈಯಲ್ಲಿ ಕೂತವರು ಕಮೆಂಟಿನಲ್ಲಿ ಆ ಹೆಸರು ಹಿಡಿದು ಕೂಗುತ್ತಾರೆ. ಇದನ್ನು ಫೋಟೊ ಸ್ಟುಡಿಯೊ ಅನ್ನಲು ನನಗೂ ಮನಸ್ಸಾಗಲಿಲ್ಲ.

ಬೇರೆ ಕಡೆ ಈ ಗೊಂದಲಕ್ಕೆ ಸ್ವಲ್ಪ ದಾರಿ ಮಾಡಿದ್ದಾರೆ. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ಬಳಸುವ ಪಟ್ಟಿಯಲ್ಲಿ 2022ರಲ್ಲಿ ಇಂಟರ್ನೆಟ್ ಪ್ರಕಟಣೆ ಮತ್ತು ಪ್ರಸಾರಕ್ಕೇ ಅಂತ ಇದ್ದ 519130 ತೆಗೆದುಹಾಕಿದರು. ವಿಡಿಯೊ ಸ್ಟ್ರೀಮಿಂಗ್, ಸೋಷಿಯಲ್ ನೆಟ್‌ವರ್ಕ್ ಎರಡನ್ನೂ 516210ರಲ್ಲಿ ಒಟ್ಟಿಗೆ ಕೂರಿಸಿದರು. ರೇಡಿಯೊ, ಟಿವಿ ಸ್ಟೇಷನ್‌ಗಳೂ ಅದೇ 516ರ ಮನೆಯಲ್ಲಿ ಪಕ್ಕದ ಕೋಣೆಯಲ್ಲಿವೆ. ಇಂಟರ್ನೆಟ್‌ನಲ್ಲಿ ಹೋಯಿತು ಅನ್ನೋ ಒಂದೇ ಕಾರಣಕ್ಕೆ ಅದು ಬೇರೆ ಉದ್ಯಮ ಅನ್ನುವುದನ್ನು ಬಿಟ್ಟರು. ವಿಶ್ವಸಂಸ್ಥೆಯ ಐದನೇ ಪರಿಷ್ಕರಣೆ 2023ರಲ್ಲಿ ಒಪ್ಪಿಗೆಯಾಯಿತು. ಅದರಲ್ಲಿ ಹಳೆಯ ಜೆ ವಿಭಾಗ ಎರಡಾಗಿದೆ. ಪ್ರಕಾಶನ, ಪ್ರಸಾರ, ಕಾರ್ಯಕ್ರಮ ತಯಾರಿಕೆ, ಹಂಚಿಕೆ ಒಂದು ಕಡೆ. ದೂರಸಂಪರ್ಕ, ಸಾಫ್ಟ್‌ವೇರ್ ಇನ್ನೊಂದು ಕಡೆ. 6020ರ ಹೆಸರಿನಲ್ಲೇ ಟಿವಿ ಪ್ರಸಾರದ ಜೊತೆ ವಿಡಿಯೊ ಹಂಚಿಕೆ ಅಂತ ಸೇರಿಸಿದ್ದಾರೆ. ಆ ಲೆಕ್ಕದಲ್ಲಿ ಮಕ್ಕಳು ಒಂದು ವಿಭಾಗ, ಕೇಬಲ್ ಅಪ್ಪ ಇನ್ನೊಂದು ವಿಭಾಗ.

ಆದರೆ ಹಾವೇರಿಯ ಸರ್ಟಿಫಿಕೇಟಿನಲ್ಲಿ ಇದ್ದದ್ದು 2008ರ ಪಟ್ಟಿ. ಉದ್ಯಮ್ ಪೋರ್ಟಲ್‌ನಲ್ಲಿ 60200 ತೆಗೆಸಿದೆ. 5911 ಮತ್ತು 7420 ಗುಂಪಿನ ಐದಂಕಿ ಕೋಡುಗಳನ್ನು ಸೇರಿಸಿದೆ. ಒಂದಕ್ಕಿಂತ ಹೆಚ್ಚು ಹಾಕಲು ಅಲ್ಲಿ ಅವಕಾಶ ಇದೆ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ.

ಹೊಸ ತಲೆನೋವು

ಕೋಡು ಸರಿಯಾಯಿತು ಅಂತ ಅವರು ಎದ್ದು ಹೊರಡುವವರಿದ್ದರು. ನಾನು ಕೂರಿಸಿದೆ. ಒಟ್ಟು 20 ಲಕ್ಷ 20 ಸಾವಿರ ಅಂದೆನಲ್ಲ, ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ.

“ಯೂಟ್ಯೂಬ್ ರೊಕ್ಕ ಹಿಡಿಬ್ಯಾಡ್ರಿ ಸರ್, ಅದು ಹೊರಗಿನ ದೇಶದ್ದು,” ಅಂದ ಅಣ್ಣ. ಅದನ್ನು ಬಿಟ್ಟರೆ ಹದಿನೇಳೂವರೆ ಲಕ್ಷ, ನೋಂದಣಿಯೇ ಬೇಡ. ಆದರೆ ಬಿಡಲು ಬರಲ್ಲ. ರಫ್ತು ಕೂಡ ಒಟ್ಟು ವಹಿವಾಟಿನಲ್ಲಿ ಸೇರುತ್ತದೆ. ಹೊರದೇಶದ ಕಂಪನಿಯಿಂದ ಬರುವ ಯೂಟ್ಯೂಬ್ ಪಾಲನ್ನು ಸಾಮಾನ್ಯವಾಗಿ ಸೇವೆಯ ರಫ್ತು ಅಂತಲೇ ತೋರಿಸುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ಎಕ್ಸ್‌ಪೋರ್ಟ್ ಮಾಡುವ ಸಾಹುಕಾರರ ಸಾಲಿನಲ್ಲಿ ನೀವೂ ಒಬ್ಬರು ಅಂದೆ. ಅವನಿಗೆ ನಗು ಬರಲಿಲ್ಲ.

ಮಿತಿ ದಾಟಿದ್ದು ಮಾರ್ಚ್ 24ಕ್ಕೆ, ಅವತ್ತು ಬಂದ ಯೂಟ್ಯೂಬ್ ಜಮೆಯಿಂದಲೇ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಇನ್ನು ಹನ್ನೆರಡು ದಿನ ಇತ್ತು. ಬ್ಯಾಂಕಿನವರು ಫೈಲು ತಡೆಯದಿದ್ದರೆ ಇವರು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ, ದಂಡದ ನೋಟಿಸು ಬಂದಮೇಲೆ ಬರುತ್ತಿದ್ದರು.

ಸಣ್ಣ ಸೇವೆಯವರಿಗೆ ಶೇ 6ರ ಕಾಂಪೊಸಿಷನ್, ಅಂದರೆ ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವ ಸುಲಭದ ಪದ್ಧತಿ ಇದೆಯಲ್ಲ ಅಂತ ಕೇಳಬಹುದು. ಇದೆ, 50 ಲಕ್ಷದವರೆಗೆ. ಆದರೆ ರಾಜ್ಯದ ಹೊರಗೆ ಸೇವೆ ಕೊಡುವವರಿಗೆ ಅದು ಇಲ್ಲ. ರಫ್ತನ್ನು ಕಾನೂನು ಅಂತರರಾಜ್ಯ ಪೂರೈಕೆ ಅಂತಲೇ ಎಣಿಸುತ್ತದೆ. ಅಂದರೆ ಆ 2 ಲಕ್ಷ 70 ಸಾವಿರ ಇವರನ್ನು ಮಿತಿಯಿಂದ ಆಚೆ ತಳ್ಳಿತು, ಸುಲಭದ ದಾರಿಯ ಬಾಗಿಲನ್ನೂ ಹಾಕಿತು. ಯೂಟ್ಯೂಬ್ ಪಾಲಿನ ಮೇಲೆ ಮಾತ್ರ ತೆರಿಗೆ ಸೊನ್ನೆ, ಅದಕ್ಕೆ ಎಲ್‌ಯುಟಿ ಅಂತ ಒಂದು ಮುಚ್ಚಳಿಕೆ ಸಲ್ಲಿಸಿದರೆ ಸಾಕು.

ಜಿಎಸ್‌ಟಿಗೆ ಕೋಡುಗಳ ಬೇರೆಯೇ ಪಟ್ಟಿ. ಮದುವೆ ವಿಡಿಯೊಗೆ 998383. ಕಾರ್ಯಕ್ರಮ ತಯಾರಿಕೆಗೆ 999612. ಇಂಟರ್ನೆಟ್ ಜಾಹೀರಾತು ಜಾಗದ ಮಾರಾಟಕ್ಕೆ 998365. ಮೂರಕ್ಕೂ ಶೇ 18. ಆದಾಯ ತೆರಿಗೆಯವರದ್ದು ಮತ್ತೊಂದು. ಕರ ನಿರ್ಧಾರಣೆ ವರ್ಷ 2025-26ರ ಫಾರ್ಮಿನಲ್ಲಿ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ 16021 ಬಂದಿದೆ. ಯೂಟ್ಯೂಬ್ ಮತ್ತು ಜಾಹೀರಾತಿನ ಮಟ್ಟಿಗೆ ಅದನ್ನು ಹಾಕಿದೆವು. ಒಂದು ಮನೆ, ಒಂದು ಕ್ಯಾಮೆರಾ, ಮೂರು ಇಲಾಖೆ, ಮೂರು ಉತ್ತರ. ಯಾವುದೂ ತಪ್ಪಲ್ಲ. ಒಬ್ಬರು ಎಣಿಸಲು ಕೇಳುತ್ತಾರೆ, ಇನ್ನಿಬ್ಬರು ತೆರಿಗೆಗೆ ಕೇಳುತ್ತಾರೆ. ಒಂದರ ಕೋಡನ್ನು ಇನ್ನೊಂದರಲ್ಲಿ ಹಾಕಿದರೆ ಮಾತ್ರ ಫೈಲು ಕೆಡುತ್ತದೆ.

ತಮ್ಮ ಇನ್ನೊಂದು ಕೇಳಿದ. 2025ರ ಮಾರ್ಚ್ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿತಲ್ಲ, 5911ರಲ್ಲಿ ಸಿನಿಮಾದವರೂ ಇದ್ದಾರಲ್ಲ, ನಮಗೂ ಸಬ್ಸಿಡಿ ಬರುತ್ತಾ? ಇಲ್ಲ ಅಂದೆ. ಸ್ಥಾನಮಾನ ಅನ್ನುವುದು ಸರ್ಕಾರದ ನೀತಿ. ಕೋಡು ಅನ್ನುವುದು ಬರೀ ವಿಳಾಸ.

ಸಾಲ ಮಂಜೂರಾದದ್ದು ಜೂನ್‌ನಲ್ಲಿ. ಹೊಸ ಸರ್ಟಿಫಿಕೇಟಿನ ಜೊತೆ ಅರ್ಧ ಪುಟದ ಪತ್ರ ಇಟ್ಟಿದ್ದೆ. ಇದು ಪ್ರಸಾರ ಅಲ್ಲ, ಕಾರ್ಯಕ್ರಮ ತಯಾರಿಕೆ. ಪ್ರಸಾರದ ವೇದಿಕೆ ಬೇರೆಯವರದ್ದು. ವರ್ಷದ ಆದಾಯ ಹೀಗೆ ಹೀಗೆ. ಅಧಿಕಾರಿ ಇನ್ನೊಂದು ಷರತ್ತು ಹಾಕಿದರು: ಬೋರ್ಡಿನಲ್ಲಿ ಚಾನೆಲ್ ಹೆಸರಿನ ಕೊನೆಗಿರುವ ‘ಟಿವಿ’ ತೆಗೆಯಿರಿ. ಅಣ್ಣನಿಗೆ ಅದೇ ಎಲ್ಲಕ್ಕಿಂತ ನೋವಿನ ಸಂಗತಿಯಾಯಿತು. 8 ಲಕ್ಷದ ಸಾಮಾನಿನ ಬಿಲ್ಲಿನಲ್ಲಿ ಸುಮಾರು 1 ಲಕ್ಷ 22 ಸಾವಿರ ಜಿಎಸ್‌ಟಿ ಇತ್ತು. ನೋಂದಣಿ ಆಗಿದ್ದರಿಂದ ಅದು ಕ್ರೆಡಿಟ್ ಆಗಿ ಸಿಕ್ಕಿತು, ಅಂದರೆ ಇವರು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಟ್ರ್ಯಾಕ್ಟರ್ ಶೋರೂಂನವರು ತೆರಿಗೆ ಕೊಡಲು ತಕರಾರು ಮಾಡಲಿಲ್ಲ, ಅವರಿಗೂ ಕ್ರೆಡಿಟ್ ಬರುತ್ತದೆ. ಮದುವೆ ಮನೆಯವರು ಮಾತ್ರ ಬಿಲ್ಲೇ ಬೇಡ ಅಂತಾರೆ. ಎರಡು ಬುಕಿಂಗ್ ಹೋದವು.

ಅಖಾಡದ ಪಕ್ಕ ಆ ಟ್ರೇಲರ್ ಕೆಳಗೆ ನಿಂತು ಚಹಾ ಕುಡಿಯುವಾಗ ಅಣ್ಣ ಕೇಳಿದ, “ಸರ್, ಮುಂದಿನ ವರ್ಷ ಮದುವಿ ಜಾಸ್ತಿ ಆದ್ರ ಮತ್ತ ನಾವು ಫೋಟೊ ಸ್ಟುಡಿಯೊ ಆಗ್ತೇವೇನ್ರಿ?”

ಒಂದೇ ವರ್ಷದ ಏರಿಳಿತಕ್ಕೆ ಬದಲಿಸುವುದಿಲ್ಲ, ಆದರೆ ಹಾಗೇ ಮುಂದುವರಿದರೆ ಹೌದು ಅಂದೆ.

ಅವನು ಮೇಲೆ ನೋಡಿ ತಮ್ಮನನ್ನು ಕೂಗಿದ. “ಏ, ಮುಂದಿನ ವಾರ ಇನ್ನೆರಡು ಊರಿನ ಹೋರಿ ಹಿಡಿಯೋ.” ರಟ್ಟಿನ ಡಬ್ಬದೊಳಗಿಂದ ಏನೋ ಉತ್ತರ ಬಂತು. ಜನರ ಕೇಕೆಯಲ್ಲಿ ಕೇಳಿಸಲಿಲ್ಲ.